ತುಂಬಿ ಕಳಿಸದ ಜಾಡಿಗಳು

“ಗುರುಗಳೇ, ಬರಿಗೈಯಲ್ಲಿ ಹೇಗೆ ಹೋಗಲಿ?” ಎಂದು ನಿಜಗುಣ ಕೇಳಿದ.

ಅವನು ಅಣ್ಣನಿಗೆ ಹೇಳದೆ ಮನೆ ಬಿಟ್ಟು ಮಠ ಸೇರಿ ನಾಲ್ಕು ವರ್ಷವಾಗಿತ್ತು. ಅಣ್ಣನ ಕಾಗದ ವರ್ಷಕ್ಕೊಂದು ಬರುತ್ತಿತ್ತು. ಅದರಲ್ಲಿ ಒಂದು ಬೈಗುಳವೂ ಇರುತ್ತಿರಲಿಲ್ಲ. ಅದೇ ಅವನನ್ನು ಹೆಚ್ಚು ನೋಯಿಸುತ್ತಿತ್ತು. “ಓದು ಮುಗಿಯಲಿ, ಏನಾದರೂ ಆಗಿ ಅವನ ಮುಂದೆ ನಿಲ್ಲುತ್ತೇನೆ. ಈಗ ಯಾವ ಮುಖ ಹೊತ್ತು ಹೋಗಲಿ?” ಎಂದ.

ಗುರುಗಳು ಪುಸ್ತಕ ಮುಚ್ಚಿಟ್ಟು ಹೇಳತೊಡಗಿದರು.

ಬಯಲುಸೀಮೆಯಲ್ಲಿ ಇಬ್ಬರು ಅಕ್ಕತಂಗಿಯರಿದ್ದರು. ತಾಯಿ ಬೇಗ ತೀರಿಕೊಂಡದ್ದರಿಂದ ತಂಗಿಯನ್ನು ಅಕ್ಕನೇ ಸಾಕಿದಳು. ತಾನು ಮದುವೆಯಾಗದೆ ಉಳಿದು ತಂಗಿಯ ಮದುವೆ ಮಾಡಿದಳು. ತಂಗಿಯ ಗಂಡನ ಊರು ದೂರದ ಬೆಟ್ಟದ ಮೇಲೆ. ಅಲ್ಲಿ ಚಳಿ ಹೆಚ್ಚು. ತಂಗಿಗೆ ಚಿಕ್ಕಂದಿನಿಂದಲೂ ಕೆಮ್ಮು. ಹಾಗಾಗಿ ಪ್ರತಿ ವರ್ಷ ಚಳಿಗಾಲಕ್ಕೆ ಮೊದಲು ಬೆಟ್ಟ ಹತ್ತುವ ಕಂಬಳಿ ವ್ಯಾಪಾರಿಯ ಕೈಯಲ್ಲಿ ಅಕ್ಕ ಒಂದು ಗಾಜಿನ ಜಾಡಿ ಕಳಿಸುತ್ತಿದ್ದಳು. ಅದರ ತುಂಬ ಜೇನಿನಲ್ಲಿ ನೆನೆಸಿದ ನೆಲ್ಲಿಕಾಯಿ.

ಮನೆಗೆ ಬಂದ ಪಾತ್ರೆಯನ್ನು ಬರಿದಾಗಿ ಹಿಂದಕ್ಕೆ ಕಳಿಸಬಾರದೆಂದು ತಂಗಿಗೆ ಕಲಿಸಿದವಳೂ ಅಕ್ಕನೇ. ಆದರೆ ಏನು ತುಂಬುವುದು? ಒಂದು ವರ್ಷ ತಂಗಿ ಕಿತ್ತಳೆಯ ಮುರಬ್ಬ ಮಾಡಿದಳು. ಕಹಿಯಾಯಿತು. ಇನ್ನೊಂದು ವರ್ಷ ಹುರುಳಿ ತುಂಬಿದಳು. ಇದೇನು ದೊಡ್ಡದು ಎನ್ನಿಸಿ ಮತ್ತೆ ಸುರಿದಿಟ್ಟಳು. ಅಕ್ಕ ಮಾಡಿದ್ದಕ್ಕೆ ಸರಿಸಮವಾದದ್ದು ಸಿಗಲೇ ಇಲ್ಲ. ಅದಿಲ್ಲದೆ ಹೋಗಲು ನಾಚಿಕೆ. ಮುಂದಿನ ವರ್ಷ ನೋಡೋಣ ಎನ್ನುತ್ತ ಎನ್ನುತ್ತ ಆರು ಜಾಡಿಗಳು ಅಟ್ಟದ ಮೇಲೆ ಸಾಲಾದವು. ಅವುಗಳತ್ತ ಕಣ್ಣು ಹೋದಾಗಲೆಲ್ಲ ಅವಳಿಗೆ ಅಕ್ಕನ ಕೈ ನೆನಪಾಗುತ್ತಿತ್ತು.

ಏಳನೆಯ ವರ್ಷ ವ್ಯಾಪಾರಿ ಜಾಡಿ ತರಲಿಲ್ಲ.

“ಅಕ್ಕ ಏನೂ ಕೊಡಲಿಲ್ಲವೇ?” ಎಂದು ಕೇಳಿದಳು.

“ಇಲ್ಲ ತಾಯಿ. ನೀವು ಚೆನ್ನಾಗಿದ್ದೀರಾ ಎಂದು ಕೇಳಿದರು. ಎರಡು ಸಲ ಕೇಳಿದರು.”

ಆ ಸಂಜೆ ಕರೆಂಟು ಹೋಯಿತು. ಗಾಳಿಗೆ ಮೇಣದಬತ್ತಿ ನಿಲ್ಲಲಿಲ್ಲ. ಅವಳು ಒಂದು ಜಾಡಿ ಇಳಿಸಿ ಬತ್ತಿಯನ್ನು ಅದರೊಳಗೆ ನಿಲ್ಲಿಸಿದಳು. ಗೋಡೆಯೆಲ್ಲ ಹೊಂಬಣ್ಣವಾಯಿತು. ತುಂಬಿ ಕೊಡಲು ಈ ಬೆಳಕು ಆದೀತು ಎನ್ನಿಸಿತು.

ಮರುದಿನವೇ ಕೆಲಸಕ್ಕೆ ಕೂತಳು. ಜಾಡಿಗಳನ್ನು ಬಿಸಿನೀರಿನಲ್ಲಿ ತೊಳೆದಳು. ಒಣಗಿದ ಜರಿಗಿಡದ ಎಲೆಗಳನ್ನು ಹೊರಗಡೆ ಅಂಟಿಸಿದಳು. ಸುತ್ತ ಗೋಂದು ಸವರಿ ಪುಡಿಯುಪ್ಪಿನಲ್ಲಿ ಉರುಳಿಸಿದಳು. ಬೆಟ್ಟದ ಹುಲ್ಲಿನ ಮೇಲೆ ಬೆಳಗಿನ ಇಬ್ಬನಿ ಹೆಪ್ಪುಗಟ್ಟಿದ ಹಾಗೆಯೇ ಕಂಡಿತು. ಅಕ್ಕ ಅದನ್ನು ಎಂದೂ ನೋಡಿರಲಿಲ್ಲ. ಅವಳಿಗೆ ತೋರಿಸಬೇಕು ಎಂದುಕೊಂಡಳು. ಉಪ್ಪು ಉದುರಿದರೆ ಮತ್ತೆ ಮಾಡಿದಳು. ಆರೂ ಮುಗಿಯುವಷ್ಟರಲ್ಲಿ ಚಳಿಗಾಲ ಕಳೆಯುತ್ತ ಬಂದಿತ್ತು. ಒಂದೊಂದನ್ನೂ ಹಳೆಯ ಸೀರೆಯಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದಳು.

ತಲುಪಿದಾಗ ಮುಸ್ಸಂಜೆ. ಅಕ್ಕ ಜಗುಲಿಯಲ್ಲಿ ಕೂತಿದ್ದಳು. ತಂಗಿ ಮಾತಾಡದೆ ಜಾಡಿಗಳನ್ನು ಅವಳ ಮುಂದೆ ಸಾಲಾಗಿಟ್ಟು ಆರರಲ್ಲೂ ಬತ್ತಿ ಹಚ್ಚಿದಳು. ಅಕ್ಕ ಏನನ್ನುತ್ತಾಳೋ ಎಂದು ಕಾದಳು.

“ಯಾರದು?” ಎಂದಳು ಅಕ್ಕ.

ಆ ವರ್ಷ ಅವಳ ಎರಡು ಕಣ್ಣೂ ಪೂರ್ತಿ ಹೋಗಿದ್ದವು. ತಂಗಿಗೆ ಹೇಳಬೇಡವೆಂದು ವ್ಯಾಪಾರಿಯಿಂದ ಮಾತು ತೆಗೆದುಕೊಂಡಿದ್ದಳು.

“ನಾನು, ಅಕ್ಕಾ.”

ಅಕ್ಕ ಕೈಚಾಚಿದಳು. ಬೆರಳಿಗೆ ಜಾಡಿ ತಾಗಿತು. ಬೆಚ್ಚಗಿತ್ತು. ಅದರ ಬಾಯಿಯನ್ನು, ಕತ್ತನ್ನು ಮೆಲ್ಲಗೆ ಸವರಿ ಗುರುತು ಹಿಡಿದಳು. “ನೆಲ್ಲಿಕಾಯನ್ನು ನಾನು ಡಬ್ಬಿಯಲ್ಲೂ ಕಳಿಸಬಹುದಿತ್ತು ಕಣೇ,” ಎಂದಳು. “ಜಾಡಿ ಕೊಡುವ ನೆಪದಲ್ಲಾದರೂ ನೀನು ಬರುತ್ತೀಯೆಂದು ಗಾಜಿನದ್ದರಲ್ಲೇ ಕಳಿಸುತ್ತಿದ್ದೆ. ಹೋದ ವರ್ಷ ಬಂದಿದ್ದರೆ ನಿನ್ನ ಮುಖ ನೋಡುತ್ತಿದ್ದೆ.”

ತಂಗಿ ಆ ಕೈಯನ್ನು ಎತ್ತಿ ತನ್ನ ಕೆನ್ನೆಗೆ ಒತ್ತಿಕೊಂಡಳು. ದೀಪಗಳು ಉರಿಯುತ್ತಲೇ ಇದ್ದವು.

ಗುರುಗಳು ಕತೆ ನಿಲ್ಲಿಸಿದರು.

ನಿಜಗುಣ, “ಇನ್ನೊಂದೇ ವರ್ಷ, ಗುರುಗಳೇ. ನನ್ನ ಓದು...” ಎಂದು ಶುರುಮಾಡಿದ.

“ನಿನ್ನ ಊರಿನ ಬಸ್ಸು ಎಷ್ಟು ಹೊತ್ತಿಗೆ?” ಎಂದರು ಗುರುಗಳು.