ಮಂಕು ಬೆಳ್ಳಿಯ ಮೂರು ಪ್ರಶ್ನೆ

ಬಿಳಿಗಿರಿಕೋಟೆಯ ಹನ್ನೊಂದು ಜನರನ್ನು ಕೊಂದದ್ದು ಅರಮನೆ. ಶಾಪವಲ್ಲ, ಹೆಂಡವಲ್ಲ, ಹಣೆಬರಹವೂ ಅಲ್ಲ. ಅರಮನೆಯ ಹೊಲಸೆಲ್ಲ ಸೇರುವ ದೊಡ್ಡ ಗುಂಡಿಗೆ ಸೊಂಟಕ್ಕೆ ಹಗ್ಗ ಕಟ್ಟಿ ಅವರನ್ನು ಒಬ್ಬೊಬ್ಬರಾಗಿ ಇಳಿಸಿದರು. ಮೇಲೆ ಬಂದದ್ದು ಹೆಣ. ಹನ್ನೊಂದು ಸಲವೂ ಅರಸ ಶೂರಪಾಲ ಎಲೆಅಡಿಕೆ ಜಗಿಯುತ್ತಲೇ ಸುದ್ದಿ ಕೇಳಿದ. ಆಮೇಲೆ ಗುಂಡಿಯ ಬಾಯಿಯ ಬಳಿ ಕಟ್ಟಿದ್ದ ಅವನ ಪಟ್ಟದ ಕುದುರೆ ಸತ್ತಿತು. ಅಂದೇ ಡಂಗುರ ಹೊಡೆಸಿದ.

"ಕೇಳಿರಿ, ಕೇಳಿರಿ. ಗುಂಡಿಯ ಕೊಲೆಗಡುಕನನ್ನು ತೋರಿಸಿಕೊಡುವ ಪೆಟ್ಟಿಗೆಯೊಂದು ಅರಮನೆಯಲ್ಲಿದೆ. ಮಾಡಿದ ಮುದುಕಿ ತೀರಿಹೋಗಿದ್ದಾಳೆ, ಪೆಟ್ಟಿಗೆ ಕೆಲಸ ಮಾಡುತ್ತಿಲ್ಲ. ಮುಚ್ಚಳದ ಮೇಲೆ ಅವಳು ಮೂರು ಒಗಟು ಕೆತ್ತಿದ್ದಾಳೆ. ಬಿಡಿಸಿ ಪೆಟ್ಟಿಗೆಯನ್ನು ನಡೆಸಿದವರಿಗೆ ಕೇಳಿದ್ದನ್ನು ಕೊಡಲಾಗುವುದು. ತಪ್ಪಿದವರನ್ನು ಅದೇ ಗುಂಡಿಗೆ ಇಳಿಸಲಾಗುವುದು."

ದೊಡ್ಡವರು ಹೆದರಲಿಲ್ಲ. ಡಂಗುರದಲ್ಲಿ ಸಾರದ ಒಂದು ಮಾತು ಅವರಿಗೆ ಗೊತ್ತಿತ್ತು: ತಪ್ಪಿದರೆ ತಮ್ಮ ಬದಲು ಆಳನ್ನು ಇಳಿಸಬಹುದು.

ಆಸ್ಥಾನದ ಪಂಡಿತರು ಮೊದಲ ಒಗಟಿಗೇ ಯಮನ ಹೆಸರು ಹೇಳಿ ತಪ್ಪಿದರು. ಅವರ ತೋಟದ ಆಳು ಇಳಿದ. ಅವನು ಹನ್ನೆರಡನೆಯವನು. ಮರುದಿನ ಬೊಕ್ಕಸದ ಅಧಿಕಾರಿ ಸೋಮರಸಯ್ಯ ಬಂದರು. ಮುಖ ಕಾಣದ ಬೆಳ್ಳಿ ಬೆಳ್ಳಿಯೇ ಅಲ್ಲ ಎಂದು ಪೆಟ್ಟಿಗೆಯೊಳಗಿನ ಬೆಳ್ಳಿ ತಗಡನ್ನು ಇನ್ನೊಮ್ಮೆ ಉಜ್ಜಿಸಿದರು. ಪೆಟ್ಟಿಗೆಯಲ್ಲೇ ಇದ್ದ ಹಸಿರು ಬೆಳಕಿನ ಹರಳನ್ನು ಅದಕ್ಕೆ ಹಿಡಿದರು. ಗೋಡೆಯ ಮೇಲೆ ಮೂಡಬೇಕಾದ ಗೆರೆ ಮೂಡಲಿಲ್ಲ. ಅವರ ಬದಲು ಸೊಂಟಕ್ಕೆ ಹಗ್ಗ ಬಿದ್ದದ್ದು ಹಾಲಪ್ಪನಿಗೆ. ಅವನು ಅವರ ಪಲ್ಲಕ್ಕಿ ಹೊರುವವನು.

ಹಾಲಪ್ಪ ಗುಂಡಿಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತ. ಮಧ್ಯಾಹ್ನದ ಗಂಟೆ ಬಾರಿಸಿದರೆ ಇಳಿಯಬೇಕು. ಆಗ ಅವನ ತಂಗಿ ದ್ಯಾವೀರಿ ಜನರನ್ನು ತಳ್ಳಿಕೊಂಡು ಮುಂದೆ ಬಂದಳು. ಅರಮನೆಯ ಬೆಳ್ಳಿ ಪಾತ್ರೆ ತಿಕ್ಕುವವಳು. ತಾನು ಒಗಟು ಬಿಡಿಸುತ್ತೇನೆ, ತಪ್ಪಿದರೆ ಅಣ್ಣನ ಜೊತೆ ತನ್ನನ್ನೂ ಇಳಿಸಲಿ ಎಂದಳು.

"ಹುಣಸೆಹಣ್ಣು ಕಿವುಚುವ ಕೈಗೆ ಒಗಟು ಬೇರೆ ಕೇಡು," ಎಂದು ಸೋಮರಸಯ್ಯ ನಕ್ಕರು.

"ಹೋಗೇ ಮನೆಗೆ," ಎಂದ ಹಾಲಪ್ಪ. "ಅವ್ವನಿಗೆ ಒಬ್ಬರಾದರೂ ಉಳೀಲಿ."

ದ್ಯಾವೀರಿ ಕದಲಲಿಲ್ಲ. ಅರಸ ಮೊದಲ ಒಗಟನ್ನು ಓದಿಸಿದ. "ಮನೆಗೆ ಕಳ್ಳ ಬಂದಾಗ ಮೊದಲು ಕೂಗುವವನು ಅವನೇ, ಮೊದಲು ಸಾಯುವವನೂ ಅವನೇ. ಅವನು ಸುಮ್ಮನಾದ ಎಂದು ಮನೆಯವರು ನೆಮ್ಮದಿಯಾಗಿ ಸಾಯುತ್ತಾರೆ. ಯಾರವನು?"

ಪೆಟ್ಟಿಗೆ ಕೆಲಸ ಮಾಡುತ್ತಿದ್ದ ಕಾಲದಲ್ಲಿ ಗುಂಡಿಗಿಳಿದು ಬದುಕಿ ಬಂದವರು ಹೇಳುತ್ತಿದ್ದುದು ದ್ಯಾವೀರಿಗೆ ನೆನಪಾಯಿತು: ನಾತ ಇದ್ದಷ್ಟು ಹೊತ್ತು ಜೀವ ಇರುತ್ತದೆ, ನಾತ ಹೋಯಿತು ಅನ್ನಿಸಿದರೆ ಓಡಬೇಕು.

"ಮೂಗು, ಬುದ್ಧಿ. ಗುಂಡಿಯ ವಿಷದ ಆವಿ ಹೆಚ್ಚಾದಾಗ ಮೊದಲು ಮೂಗು ಸಾಯುತ್ತೆ. ಕೆಳಗಿದ್ದವನು ನಾತ ಹೋಯ್ತು ಅಂದ್ಕೊಂಡು ಇನ್ನೂ ಎರಡು ಹೆಜ್ಜೆ ಇಡ್ತಾನೆ."

ಅರಸ ತಲೆಯಾಡಿಸಿ ಎರಡನೆಯದನ್ನು ಓದಿಸಿದ.

"ಕೋಟಿ ಜನ ಹಸಿರು ಸೀರೆ ಉಟ್ಟು ಒಂದು ಮನೆಗೆ ಹೋದರು, ಹಸಿರಲ್ಲೇ ಮರಳಿದರು. ಒಬ್ಬಳು ಮಾತ್ರ ಬೇರೆ ಬಣ್ಣ ಉಟ್ಟು ಬಂದಳು. ಒಳಗೆ ಯಾರಿದ್ದರೆಂದು ಅವಳ ಸೀರೆಯೇ ಹೇಳುತ್ತದೆ. ಯಾರವಳು?"

"ಬೆಳಕು. ಮುದುಕಮ್ಮ ಇದ್ದಾಗ ಪೆಟ್ಟಿಗೆ ಹೊತ್ತವಳು ನಾನು, ಕಣ್ಣಾರೆ ನೋಡಿದ್ದೀನಿ. ಹರಳಿನ ಹಸಿರು ಬೆಳಕು ಆವಿಗೆ ತಾಗಿ ಹಸಿರಾಗೇ ವಾಪಸ್ ಬರುತ್ತೆ. ಎಲ್ಲೋ ಕೋಟಿಗೊಂದು ಕಿರಣ ಬಣ್ಣ ಬದಲಿಸುತ್ತೆ. ಎಷ್ಟು ಬದಲಿಸ್ತು ಅನ್ನೋದರಲ್ಲಿ ಆವಿಯ ಹೆಸರು ಇರುತ್ತೆ."

ಗಂಟೆಯವನು ಸುತ್ತಿಗೆ ಎತ್ತಿಕೊಂಡಿದ್ದ. ಮೂರನೆಯದನ್ನು ಓದಿದರು.

"ಕನ್ನಡಿಯಾದರೆ ಕುರುಡು, ತರಚಿದರೆ ಕಣ್ಣು. ಎಲ್ಲೂ ಕೂರದ ಅತಿಥಿಯನ್ನು ಮಡಿಲಲ್ಲಿ ಕೂರಿಸಿಕೊಂಡು ಅವನ ಪಿಸುಮಾತನ್ನು ಕೂಗು ಮಾಡುತ್ತದೆ. ಏನದು?"

ದ್ಯಾವೀರಿ ಅಣ್ಣನ ಕಡೆ ನೋಡಿದಳು. ಉತ್ತರ ಗೊತ್ತಿಲ್ಲದೆ ಅಲ್ಲ.

"ಮಂಕು ಬೆಳ್ಳಿ," ಎಂದಳು. "ಪೆಟ್ಟಿಗೆಯಲ್ಲಿ ಎರಡು ತಗಡಿದ್ದವು. ಮುದುಕಮ್ಮ ಅವನ್ನ ಬೇಕಂತಲೇ ಸಣ್ಣಸಣ್ಣದಾಗಿ ತರಚಿದ್ದಳು. ಆ ತರಚಿನ ಸಂದಿಯಲ್ಲಿ ಬೆಳಕು ಸಾವಿರ ಪಟ್ಟು ಜೋರಾಗುತ್ತೆ. ಆವಿ ಎಲ್ಲೂ ನಿಲ್ಲೋದಲ್ಲ. ಅದನ್ನ ಹಿಡಿದು ಕೂರಿಸೋಕೆ ಮೇಲೆ ತೆಳ್ಳಗೆ ಒಂದು ಪದರ ಬಳಿದಿದ್ದಳು. ನೋಡೋಕೆ ಕೊಳೆ ಥರ ಇತ್ತು. ಅರಮನೆಯಲ್ಲಿ ಮಂಕು ಬೆಳ್ಳಿ ಅಪಶಕುನ ಅಂತ ಉಜ್ಜೋಕೆ ಅಪ್ಪಣೆ ಆಯ್ತು. ಉಜ್ಜಿದವಳು ನಾನೇ, ಬುದ್ಧಿ. ಪೆಟ್ಟಿಗೆ ಕುರುಡಾಗಿದ್ದು ಅವತ್ತು. ಹೆಣ ಬರೋಕೆ ಶುರುವಾಗಿದ್ದು ಅದರ ಮರುವಾರ."

ಒಂದನ್ನೇ ಉಜ್ಜಿದ್ದಳು. ಕೈಯಲ್ಲಿ ಬೊಬ್ಬೆ ಎದ್ದು ಇನ್ನೊಂದನ್ನು ಬೂದಿಯ ಗಡಿಗೆಯ ಹಿಂದೆ ಬಚ್ಚಿಟ್ಟಿದ್ದಳು. ಅಪ್ಪಣೆ ಮೀರಿದ್ದಕ್ಕೆ ಹೆದರಿ ಇದುವರೆಗೆ ಯಾರಿಗೂ ತೋರಿಸಿರಲಿಲ್ಲ. ಬಟ್ಟೆಯಲ್ಲಿ ಸುತ್ತಿ ತಂದಿದ್ದ ಅದನ್ನು ಈಗ ಬಿಚ್ಚಿದಳು. ಅಣ್ಣನ ಸೊಂಟದ ಹಗ್ಗ ಕಳಚಿ ಅದಕ್ಕೇ ತಗಡು ಕಟ್ಟಿ ಗುಂಡಿಗೆ ಇಳಿಬಿಟ್ಟಳು. ನೂರು ಎಣಿಸಿ ಮೇಲೆಳೆದಳು. ಪಕ್ಕದ ಕತ್ತಲ ಕೋಣೆಯಲ್ಲಿ ಹಸಿರು ಬೆಳಕನ್ನು ಅದರ ಮೇಲೆ ಬಿಟ್ಟಳು. ಮರಳುವ ಹಸಿರನ್ನು ತಡೆಯಲು ಪೆಟ್ಟಿಗೆಯ ಕೆಂಪು ಗಾಜನ್ನು ಅಡ್ಡ ಹಿಡಿದಳು.

ಗೋಡೆ ಕಪ್ಪಗೇ ಇತ್ತು. ಸೋಮರಸಯ್ಯ ಹಗ್ಗ ತರಲು ಹೇಳಿದರು. ದ್ಯಾವೀರಿಯ ಕೈ ನಡುಗುತ್ತಿತ್ತು, ಅದಕ್ಕೇ ಬೆಳಕು ನಿಂತಿರಲಿಲ್ಲ. ಹಾಲಪ್ಪ ಬಂದು ಅವಳ ಮಣಿಕಟ್ಟು ಹಿಡಿದುಕೊಂಡ. ಆಗ ಒಂದು ಕೆಂಪು ಗೆರೆ ಮೂಡಿತು, ಅದರ ಪಕ್ಕದಲ್ಲಿ ಇನ್ನೊಂದು. ಪೆಟ್ಟಿಗೆಯಲ್ಲಿ ಮುದುಕಿ ಇಟ್ಟುಹೋಗಿದ್ದ ಓಲೆಗರಿಯಲ್ಲಿ 'ಇದು ಕೊಲ್ಲುತ್ತದೆ' ಎಂದು ಬರೆದಿದ್ದ ಕಡೆ ಅಷ್ಟೇ ಅಂತರದ ಅವೇ ಎರಡು ಗೆರೆಗಳಿದ್ದವು.

ಏನು ಬೇಕೆಂದು ಅರಸ ಕೇಳಿದ. ಒಂದು ಊರನ್ನೇ ಉಂಬಳಿ ಕೊಡುತ್ತೇನೆ ಎಂದ.

"ಊರು ಬೇಡ, ಬುದ್ಧಿ. ಇನ್ನು ಮೇಲೆ ಮೊದಲು ಬೆಳ್ಳಿ ಇಳೀಲಿ. ಗೆರೆ ಬಂದರೆ ಗುಂಡಿ ಮುಚ್ಚಿ. ಗೆರೆ ಬರಲಿಲ್ಲ ಅಂದರೆ, ಇಳಿಯೋಕೆ ಅಪ್ಪಣೆ ಕೊಟ್ಟವರು ಮೊದಲು ಇಳೀಲಿ, ಅವರ ಹಿಂದೆ ನಾವು."

ಊರೆಲ್ಲ ಕೇಳುತ್ತಿತ್ತು. ಅರಸ ಕೊಟ್ಟ ಮಾತಿಗೆ ಸಿಕ್ಕಿಬಿದ್ದ, ಒಪ್ಪಿದ. ಅಪ್ಪಣೆ ಕೊಡಬೇಕಾದವರು ಸೋಮರಸಯ್ಯ. ಮನುಷ್ಯ ಇಳಿಯಬೇಕಿಲ್ಲದ ಹೊಸ ಚರಂಡಿಯನ್ನು ಅವರು ಒಂದೇ ತಿಂಗಳಲ್ಲಿ ಕಟ್ಟಿಸಿದರು. ಹನ್ನೆರಡು ಹೆಣ ಬಿದ್ದರೂ ಆಗದಿದ್ದ ಕೆಲಸ ಅದು.

ನಿಮ್ಮ ಬೀದಿಯಲ್ಲೂ ಗುಂಡಿ ಇದೆ. ನಾಳೆ ಅದರ ಮುಚ್ಚಳ ತೆಗೆದು ಒಬ್ಬನನ್ನು ಇಳಿಸಲು ಬಂದರೆ ಮೂಗು ಮುಚ್ಚಿಕೊಂಡು ಕಿಟಕಿ ಹಾಕಿಕೊಳ್ಳಬೇಡಿ. ಕೆಳಗಿಳಿದು ಬನ್ನಿ. ಒಳಗಿನ ಗಾಳಿಯನ್ನು ಅಳೆದಿದ್ದೀರಾ ಎಂದು ಕೇಳಿ. ಮನುಷ್ಯನ ಬದಲು ಕೆಲಸ ಮಾಡುವ ಯಂತ್ರ ಎಲ್ಲಿ ಎಂದು ಕೇಳಿ, ಅಪ್ಪಣೆ ಕೊಟ್ಟವರ ಹೆಸರು ಕೇಳಿ. ಉತ್ತರ ಬರುವವರೆಗೆ ಆ ಮುಚ್ಚಳದ ಮೇಲೆ ನಿಂತುಕೊಳ್ಳಿ.