ಇಪ್ಪತ್ತೊಂದು ದಿನದ ಯಾತ್ರೆ

ಶಿಷ್ಯ ಮರುಳಯ್ಯ ಗುರುಗಳನ್ನು ಕೇಳಿದ: “ಪಾಠಶಾಲೆಗೆ ಇಪ್ಪತ್ತು ದಿನ ಬಿಡುವಿದೆ. ಕಾಲುನಡಿಗೆಯಲ್ಲಿ ಶ್ರೀಶೈಲಕ್ಕೆ ಹೋಗಿ ಬರಲು ಇಪ್ಪತ್ತಾರು ದಿನ ಬೇಕು. ಹೆಚ್ಚಿಗೆ ಬೇಕಾದ ಆರು ದಿನವನ್ನು ಎಲ್ಲಿ ಕಡಿಮೆ ಮಾಡಲಿ?”

ತಂಗುವ ಊರುಗಳನ್ನೆಲ್ಲ ಅವನು ಒಂದು ಹಾಳೆಯಲ್ಲಿ ಬರೆದು ತಂದಿದ್ದ. ಗುರುಗಳು ಅದನ್ನು ಓದಿದರು. ಹಾಳೆಯನ್ನು ಕೈಯಲ್ಲೇ ಇಟ್ಟುಕೊಂಡು ಒಂದು ಕತೆ ಹೇಳತೊಡಗಿದರು.

ಕೃಷ್ಣೆಯ ಈಚೆ ದಡದ ಒಂದು ಊರಿನಲ್ಲಿ ಕಂಬಳಿ ನೇಯುವವನೊಬ್ಬನಿದ್ದ. ಮದುವೆಯಾದ ವರ್ಷವೇ ಅವನ ಹೆಂಡತಿ, ಒಮ್ಮೆ ಇಬ್ಬರೂ ಶ್ರೀಶೈಲದ ಮಲ್ಲಯ್ಯನ ಬೆಟ್ಟಕ್ಕೆ ನಡೆದು ಹೋಗಿ ಬರೋಣ ಎಂದಿದ್ದಳು. ಅವನೂ ಹೂಂ ಎಂದಿದ್ದ. ಆ ವರ್ಷ ಮಗ್ಗ ಹೊಸದು. ಮರುವರ್ಷ ಅವನ ತಾಯಿ ಹಾಸಿಗೆ ಹಿಡಿದಳು. ಆಮೇಲೆ ಹೇಳಿಕೊಳ್ಳುವಂಥ ಕಾರಣವೂ ಇರಲಿಲ್ಲ. ಹಾಗೇ ಇಪ್ಪತ್ತು ವರ್ಷ ಸರಿದುಹೋಯಿತು.

ಹೆಂಡತಿಗೆ ಕೆಮ್ಮು ಹತ್ತಿತು. ಮೈ ಇಳಿಯಿತು. ವೈದ್ಯ ನಾಡಿ ನೋಡಿ, ಗಂಡನನ್ನು ಅಂಗಳಕ್ಕೆ ಕರೆದು, “ಹೆಚ್ಚೆಂದರೆ ಒಂದು ತಿಂಗಳು” ಎಂದ. ನೇಕಾರ ಒಳಗೆ ಬಂದಾಗ ಅವಳು ಅವನ ಮುಖ ನೋಡಿದಳು. “ಈಗಲಾದರೂ ಹೊರಡೋಣ” ಎಂದಳು.

ಅವನು ಅಂದೇ ಮಗ್ಗ ನಿಲ್ಲಿಸಿದ. ಬೆಟ್ಟಕ್ಕೆ ಹೋಗಿ ಬಂದವರ ಮನೆಗೆಲ್ಲ ಹೋಗಿ ದಾರಿ ಕೇಳಿದ. ಒಟ್ಟು ಅರವತ್ತು ಹರದಾರಿ. ಕಷ್ಟಪಟ್ಟು ನಡೆದರೂ ಅವಳ ಕೈಯಲ್ಲಿ ದಿನಕ್ಕೆ ಒಂದು ಹರದಾರಿಯೂ ಸಾಗದು. ಅವನೊಬ್ಬನೇ ನಡೆದರೆ ಆರು. ಹೋಗಲು ಹತ್ತು ದಿನ, ದರ್ಶನಕ್ಕೆ ಒಂದು, ಬರಲು ಹತ್ತು.

“ನಾನು ಹೋಗಿ ನಿನ್ನ ಹೆಸರಿನಲ್ಲಿ ಪೂಜೆ ಮಾಡಿಸಿ ವಿಭೂತಿ ತರುತ್ತೇನೆ. ಇಪ್ಪತ್ತೊಂದನೆಯ ದಿನ ಹೊತ್ತು ಮುಳುಗುವ ಮೊದಲು ನಿನ್ನ ಮುಂದಿರುತ್ತೇನೆ” ಎಂದ.

“ಆಗುವಷ್ಟು ದೂರ ನನ್ನನ್ನೂ ಕರೆದುಕೊಂಡು ಹೋಗಿ. ಊರ ಹಳ್ಳ ದಾಟಿಸಿದರೂ ಸಾಕು.”

“ಹಳ್ಳ ದಾಟಿ ಏನು ಮಾಡುತ್ತೀಯೆ? ದೇವರಿರುವುದು ಅಲ್ಲಿ ಅಲ್ಲ.”

ಅವಳು ಮತ್ತೆ ಕೇಳಲಿಲ್ಲ. ಗೋಡೆ ಹಿಡಿದು ಎದ್ದು ಅವನ ದಾರಿಗೆ ಸಜ್ಜೆ ರೊಟ್ಟಿ ತಟ್ಟಿಕೊಟ್ಟಳು.

ಅವನು ನಡೆದ. ಅಂಗಾಲಲ್ಲಿ ಬೊಬ್ಬೆ ಎದ್ದವು, ಬಟ್ಟೆ ಸುತ್ತಿಕೊಂಡು ನಡೆದ. ದಾರಿಯುದ್ದಕ್ಕೂ ಜನ ಕೂತು ಭಜನೆ ಮಾಡುತ್ತಿದ್ದರು, ಉಣ್ಣುತ್ತಿದ್ದರು, ಒಬ್ಬರ ಕಾಲು ಒಬ್ಬರು ಒತ್ತುತ್ತಿದ್ದರು. ಅವನು ಎಲ್ಲಿಯೂ ಕೂರಲಿಲ್ಲ. ಹತ್ತನೆಯ ದಿನ ಬೆಟ್ಟ ಮುಟ್ಟಿದ. ಮರುದಿನ ದೇವರ ಮುಂದೆ ನಿಂತಾಗ ಏನು ಬೇಡಬೇಕೆಂದು ತೋಚಲಿಲ್ಲ. ಅವಳ ಹೆಸರು ಹೇಳಿದ. ವಿಭೂತಿ ಕಟ್ಟಿಕೊಂಡು ತಿರುಗಿ ಹೊರಟ.

ಇಪ್ಪತ್ತೊಂದನೆಯ ದಿನ ಇಳಿಹೊತ್ತಿಗೆ ಊರ ಹಳ್ಳಕ್ಕೆ ಬಂದ. ಆಚೆ ದಡದ ಹೊಂಗೆ ಮರದಡಿ ಗಂಟು ಇಳಿಸಿ, ಮುಖ ತೊಳೆದು, ಬೇಗ ಬೇಗ ಹಳ್ಳ ದಾಟಿ ಬಂದ. ಮನೆಯ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿತ್ತು. ನೆರೆಮನೆಯ ಮುದುಕಿ ಹೊರಗೆ ಬಂದು ಅವನ ಕೈ ಹಿಡಿದುಕೊಂಡಳು.

“ನೀನು ಹೋದ ಮರುದಿನದಿಂದಲೇ ಅವಳೂ ನಡೆಯತೊಡಗಿದಳಪ್ಪ. ಮೊದಲ ದಿನ ಬಾವಿಯವರೆಗೆ. ಆಮೇಲೆ ಊರ ಅಗಸೆಬಾಗಿಲವರೆಗೆ. ಸಂಜೆ ನಮ್ಮ ಮನೆಗೆ ಬಂದು, ‘ಅವರು ಇವತ್ತು ಆರು ಹರದಾರಿ ನಡೆದರು, ನಾನು ಇಷ್ಟು’ ಅನ್ನುತ್ತಿದ್ದಳು. ಬೇಡ ಅಂದರೆ ಕೇಳಲಿಲ್ಲ. ಹದಿನೇಳನೆಯ ದಿನ ಬೆಳಿಗ್ಗೆ ಹೋದವಳು ಮಧ್ಯಾಹ್ನವಾದರೂ ಬರಲಿಲ್ಲ. ಹುಡುಕಿಕೊಂಡು ಹೋದರೆ ಹಳ್ಳದ ಆಚೆ, ಹೊಂಗೆ ಮರಕ್ಕೆ ಒರಗಿ ಕೂತಿದ್ದಳು. ‘ದಾಟಿದೆ’ ಅಂದಳು. ಎತ್ತಿಕೊಂಡು ಬರುವಷ್ಟರಲ್ಲಿ ಮುಗಿದಿತ್ತು. ನಿನ್ನ ದಾರಿ ನೋಡಿ, ಮರುದಿನ ಮಣ್ಣು ಮಾಡಿದೆವು.”

ನೇಕಾರ ಆ ರಾತ್ರಿ ಬಾಗಿಲು ತೆಗೆಯಲಿಲ್ಲ. ಹೊರಗೇ ಕೂತಿದ್ದ. ಬೆಳಗಾದ ಮೇಲೆ ಎದ್ದು, ಮನೆಯ ಹೊಸ್ತಿಲಿನಿಂದ ಹೊಂಗೆ ಮರದವರೆಗೆ ನಿಧಾನವಾಗಿ ನಡೆದ. ಅವಳು ನಿಂತಿರಬಹುದಾದ ಕಡೆಯೆಲ್ಲ ನಿಂತ. ಅರ್ಧ ಹರದಾರಿಯೂ ಇರಲಿಲ್ಲ. ಅಷ್ಟು ದಾರಿಗೆ ಅವನಿಗೆ ಮಧ್ಯಾಹ್ನವಾಯಿತು.

ಗುರುಗಳು ಕತೆ ನಿಲ್ಲಿಸಿ, ಹಾಳೆಯನ್ನು ಶಿಷ್ಯನ ಕೈಗೆ ಕೊಟ್ಟರು.

ಮರುಳಯ್ಯ ತಡೆದು ತಡೆದು ಕೇಳಿದ: “ಗುರುಗಳೇ, ಅವನ ಲೆಕ್ಕ ತಪ್ಪಿದ್ದು ಎಲ್ಲಿ?”

“ಲೆಕ್ಕ ತಪ್ಪಲಿಲ್ಲ ಮರುಳಯ್ಯ. ಹೇಳಿದ ದಿನ, ಹೇಳಿದ ಹೊತ್ತಿಗೇ ಅವನು ಮನೆ ಮುಂದಿದ್ದ.”