ಪೊಂಗ್‌ಚಾಕ್ ಎಂಬ ಹೆಸರು

"ರಾಜಕುಮಾರಿ ಯೊನ್‌ಹ್ವಾ ಕೇಳುವ ಮೂರು ಒಗಟುಗಳನ್ನು ಬಿಡಿಸಿದವನಿಗೆ ಬೇಡಿದ್ದನ್ನು ಕೊಡಲಾಗುವುದು. ತಪ್ಪಿದವನ ತಲೆ ಸಂಜೆಯವರೆಗೆ ಮಾತ್ರ!" ಎಂದು ಕೊರಿಯಾ ದೇಶದ ಅರಸನು ಡಂಗುರ ಹೊಡೆಸಿದನು.

ರಾಜಕುಮಾರಿಯನ್ನು ಸಾಕಿದ ದಾದಿಯು ಹಾಡುತ್ತಿದ್ದ ಹಾಡನ್ನು ಕೇಳಿ ಅರಮನೆಯೆಲ್ಲ ನಗುತ್ತಿತ್ತು. ದಾದಿ ತೀರಿಕೊಂಡ ಮೇಲೆ ರಾಜಕುಮಾರಿ ಯಾರೊಡನೆಯೂ ಕುಳಿತು ಉಂಡವಳಲ್ಲ.

"ಹೆತ್ತವರು ಇಟ್ಟದ್ದಲ್ಲ, ಹಂಗಿಸಿದವರು ಇಟ್ಟದ್ದು. ಯಾವ ಗ್ರಂಥದಲ್ಲಿಯೂ ಅದಕ್ಕೆ ಅರ್ಥವಿಲ್ಲ. ನನ್ನ ದಾದಿ ಹಾಡುತ್ತಿದ್ದ ಬಗೆಯ ಹಾಡಿಗೆ ಇರುವ ಆ ಹೆಸರೇನು?" ಎಂದು ಅವಳು ಕೇಳಿದಳು.

ಮಂತ್ರಿಯ ಮಗನಿಗೆ ಹೆಸರು ಗೊತ್ತಿತ್ತು. ಆದರೆ ಆ ಬೈಗುಳವನ್ನು ರಾಜಕುಮಾರಿಯ ಮುಂದೆ ಆಡುವುದೆಂತು? "ಟ್ರಾಟ್" ಎಂದನು.

"ಅದು ಆ ಹಾಡಿಗೆ ಪರದೇಶದ ಕುಣಿತದಿಂದ ಎರವಲು ತಂದ ಮರ್ಯಾದೆಯ ಹೆಸರು" ಎಂದಳು. ಕಾವಲಿನವರು ಅವನನ್ನು ಸೆರೆಗೆ ಒಯ್ದರು.

ಸೇನಾಪತಿಯ ಮಗ ಧೈರ್ಯಮಾಡಿ "ಪೊಂಗ್‌ಚಾಕ್" ಎಂದನು. ಹೆಸರು ಸರಿಯಾಗಿತ್ತು; ಎರಡನೆಯ ಒಗಟು ಬಂತು: "ಒಂದು ಭಾರ, ಒಂದು ಹಗುರ. ಒಂದು ಕರೆದರೆ ಇನ್ನೊಂದು ಓಗೊಡುತ್ತದೆ. ಯಾವುವು?"

"ಗಂಡ ಹೆಂಡತಿ" ಎಂದನು. ಅವನೂ ಸೆರೆಗೆ ಹೋದನು.

ಆಗ ಮಡಿಸಿದ ಬಟ್ಟೆಯ ಗಂಟನ್ನು ತಂದಿದ್ದ ಸಾಮ್‌ದೊಲ್ ಎಂಬವನು ಮುಂದೆ ಬಂದನು. ಒಗೆದ ಬಟ್ಟೆಯನ್ನು ಕಲ್ಲಿನ ಮೇಲಿಟ್ಟು, ಕೋಲಿನಿಂದ ಬಡಿದು ನಯಮಾಡುವುದು ಅವನ ಕಸುಬು.

"ಹೆಂಗಸರ ಕೆಲಸದವನೇ, ತಲೆ ಭಾರವಾಯಿತೇನೋ?" ಎಂದು ಕಾವಲಿನವನು ನಕ್ಕನು.

"ಹೋದರೆ ಅಳುವವರಿಲ್ಲ, ಅಣ್ಣಾ" ಎಂದು ಸಾಮ್‌ದೊಲ್ ರಾಜಕುಮಾರಿಗೆ ಕೈಮುಗಿದನು. "ಹೆಸರು ಪೊಂಗ್‌ಚಾಕ್, ಅಮ್ಮಣ್ಣಿಯವರೇ. ಅದು ಮಾತಲ್ಲ, ತಾಳದ ಸದ್ದು. ಪೊಂಗ್ ಭಾರದ ಪೆಟ್ಟು, ಚಾಕ್ ಹಗುರದ್ದು. ಈ ಹಾಡೆಂದರೆ ಬರಿಯ ಸದ್ದು ಅಷ್ಟೇ ಎಂದು ಅಣಕಿಸಿದವರು ಆ ಸದ್ದನ್ನೇ ಹೆಸರು ಮಾಡಿದರು. ನಮ್ಮ ಕಲ್ಲಿನ ಎದುರುಬದುರು ಇಬ್ಬರು ಕೂರಬೇಕು. ನಾನು ಪೊಂಗ್ ಎಂದರೆ ಅಮ್ಮ ಚಾಕ್ ಎನ್ನುತ್ತಿದ್ದಳು. ಈಗ ನಾನು ಹೊಡೆದು, ಸುಮ್ಮನೆ ಕಾಯುತ್ತೇನೆ."

ಎರಡೂ ಒಗಟುಗಳನ್ನು ಬಿಡಿಸಿದಂತಾಯಿತು. ರಾಜಕುಮಾರಿಯ ದನಿ ಕುಗ್ಗಿತು. "ಆ ಹಾಡಿಗೆ ನಕ್ಕವನೇ ಅದನ್ನು ಹುಡುಕಿ ಅಲೆಯುವುದು ಯಾವಾಗ?"

ಸಾಮ್‌ದೊಲ್ ತಲೆ ತಗ್ಗಿಸಿದನು. "ಹಾಡುವವರು ಇಲ್ಲವಾದ ಮೇಲೆ. ಅಮ್ಮ ಹಾಡಿದಾಗ ನಾನೂ ನಕ್ಕಿದ್ದೆ."

ರಾಜಕುಮಾರಿ, "ನಾನೂ ನಕ್ಕಿದ್ದೆ" ಎಂದಳು. ಸೆರೆಯಲ್ಲಿದ್ದ ಇಬ್ಬರನ್ನೂ ಬಿಡಿಸಿದಳು. "ನೀನು ಏನು ಬೇಡುವೆ?"

"ಕಲ್ಲಿನ ಆಚೆ ಬದಿ ಬರಿದಾಗಿದೆ, ಅಮ್ಮಣ್ಣಿಯವರೇ."

ಮರುದಿನ ಬೆಳಿಗ್ಗೆ ಬಟ್ಟೆ ಬಡಿಯುವವರ ಕೇರಿಯಲ್ಲಿ ಸಾಮ್‌ದೊಲ್ ಎಂದಿನಂತೆ ಒಂದು ಪೆಟ್ಟು ಹೊಡೆದು ಕಾದನು. ಎದುರು ಕುಳಿತ ರಾಜಕುಮಾರಿಯ ಕೋಲಿನಿಂದ ತುಸು ತಡವಾಗಿ, ತುಸು ಓರೆಯಾಗಿ, ಹಗುರದ ಪೆಟ್ಟು ಬಿದ್ದಿತು.